ನ್ಯಾಯಾಲಯಕ್ಕೆ ಹಾಜರಾಗುವ ಸಾಕ್ಷಿದಾರರಿಗೆ ಪ್ರಯಾಣ ವೆಚ್ಚ ಪಾವತಿ

ಸಮನ್ಸು ಪಡೆದ ಸಾಕ್ಷಿದಾರರು ನಿಗದಿತ ದಿನದಂದು ನ್ಯಾಯಾಲಯಕ್ಕೆ ಹಾಜರಾಗುವುದು ಕಡ್ಡಾಯವಾಗಿರುತ್ತದೆ. ಇದಕ್ಕಾಗಿ ತಗಲುವ ಪ್ರಯಾಣ ಹಾಗೂ ಇತರ ಸಮಂಜಸ ವೆಚ್ಚದ ಪಾವತಿಗೆ ಕಾನೂನಿನಲ್ಲಿ ಅವಕಾಶ ಕಲ್ಪಿಸಲಾಗಿದೆ. ವೆಚ್ಚವನ್ನು ಯಾರು ಭರಿಸತಕ್ಕದ್ದು ಎಂಬುದು ಪ್ರಕರಣದ ಸ್ವರೂಪವನ್ನು ಅವಲಂಬಿಸಿರುತ್ತದೆ.

ಕ್ರಿಮಿನಲ್ ಪ್ರಕರಣಗಳು

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 350ರ ಮೇರೆಗೆ, ದೂರುದಾರರು ಮತ್ತು ಸಾಕ್ಷಿದಾರರ ಸಮಂಜಸ ವೆಚ್ಚವನ್ನು ಸರ್ಕಾರದಿಂದ ಪಾವತಿಸುವಂತೆ ನ್ಯಾಯಾಲಯವು ಉಚಿತವೆಂದು ಕಂಡಲ್ಲಿ ಆದೇಶಿಸಬಹುದು. ಪಾವತಿಯು ರಾಜ್ಯ ಸರ್ಕಾರದ ನಿಯಮಗಳಿಗೆ ಒಳಪಟ್ಟಿರುತ್ತದೆ. ದಿನಾಂಕ 1-7-2024ಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆ, 1973ರ ಕಲಂ 312ರಲ್ಲಿ ಇದೇ ಅವಕಾಶವಿತ್ತು.

ಪೊಲೀಸ್ ತನಿಖೆ

ತನಿಖಾಧಿಕಾರಿಯ ಲಿಖಿತ ಆದೇಶದಂತೆ ತಮ್ಮ ವಾಸಸ್ಥಳವಲ್ಲದ ಬೇರೆಡೆ ಹಾಜರಾಗುವವರ ವೆಚ್ಚವನ್ನು ಪೊಲೀಸ್ ಅಧಿಕಾರಿಯೇ ಪಾವತಿಸುವಂತೆ ರಾಜ್ಯ ಸರ್ಕಾರವು ನಿಯಮ ರೂಪಿಸಬಹುದು (ಕಲಂ 179). ಮಹಿಳೆಯರು, 15 ವರ್ಷದೊಳಗಿನವರು, 60 ವರ್ಷ ಮೀರಿದವರು, ಅಂಗವಿಕಲರು ಹಾಗೂ ತೀವ್ರ ಅಸ್ವಸ್ಥರನ್ನು ಅವರ ವಾಸಸ್ಥಳದಿಂದ ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ.

ಸಿವಿಲ್ ದಾವೆಗಳು

ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಆದೇಶ 16ರ ಮೇರೆಗೆ, ಸಾಕ್ಷಿದಾರರನ್ನು ಕರೆಸುವ ಪಕ್ಷಕಾರರೇ ವೆಚ್ಚ ಭರಿಸತಕ್ಕದ್ದು.

1. ಹೋಗಿಬರುವ ಪ್ರಯಾಣ ಮತ್ತು ಒಂದು ದಿನದ ಹಾಜರಾತಿಗೆ ಸಾಕಾಗುವಷ್ಟು ಹಣವನ್ನು ಸಮನ್ಸು ಹೊರಡಿಸುವ ಮೊದಲೇ ನ್ಯಾಯಾಲಯದಲ್ಲಿ ಠೇವಣಿ ಮಾಡತಕ್ಕದ್ದು.
2. ಸಮನ್ಸನ್ನು ಖುದ್ದಾಗಿ ಜಾರಿ ಮಾಡುವಾಗ ಈ ಹಣವನ್ನೂ ಸಾಕ್ಷಿದಾರರಿಗೆ ನೀಡತಕ್ಕದ್ದು. ಪಕ್ಷಕಾರರೇ ನೇರವಾಗಿ ಸಮನ್ಸು ಜಾರಿ ಮಾಡಿದಲ್ಲಿ, ಅವರು ಅಥವಾ ಅವರ ಏಜೆಂಟರು ಹಣ ಪಾವತಿಸತಕ್ಕದ್ದು.
3. ಹಣ ಸಾಲದಿದ್ದಲ್ಲಿ ಅಥವಾ ಸಾಕ್ಷಿದಾರರು ಒಂದು ದಿನಕ್ಕಿಂತ ಹೆಚ್ಚು ಕಾಲ ಉಳಿಯಬೇಕಾದಲ್ಲಿ, ಹೆಚ್ಚುವರಿ ಮೊತ್ತ ಪಾವತಿಸಲು ನ್ಯಾಯಾಲಯವು ನಿರ್ದೇಶಿಸಬಹುದು.
4. ತಜ್ಞ ಸಾಕ್ಷಿದಾರರಿಗೆ ಸಮಂಜಸ ಸಂಭಾವನೆಯನ್ನೂ ನಿಗದಿಪಡಿಸಬಹುದು.

ವಿಚಾರಣೆ ಮುಂದೂಡಲ್ಪಟ್ಟಲ್ಲಿ

ದಿನಗೂಲಿಯವರಿಗೆ ಒಂದು ಹಾಜರಾತಿಯೆಂದರೆ ಬಸ್ ದರದೊಂದಿಗೆ ಆ ದಿನದ ಕೂಲಿಯ ನಷ್ಟವೂ ಹೌದು. ಸಾಕ್ಷಿದಾರರನ್ನು ವಿಚಾರಣೆಗೆ ಒಳಪಡಿಸಿದ ದಿನಕ್ಕೆ ಮಾತ್ರವಲ್ಲದೆ, ಪ್ರಕರಣ ಮುಂದೂಡಲ್ಪಟ್ಟ ಪ್ರತಿ ದಿನಕ್ಕೂ ಭತ್ಯೆಯನ್ನು ಕೂಡಲೇ ಪಾವತಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2000ನೇ ಇಸವಿಯಲ್ಲಿ ಸ್ವರಣ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿದೆ. ಕ್ರಿಮಿನಲ್ ಪ್ರಕರಣದಲ್ಲಿ ಸಾಕ್ಷಿದಾರರು ಹಾಜರಿರುವಾಗ, ಅವರನ್ನು ವಿಚಾರಣೆಗೆ ಒಳಪಡಿಸದೆ ಮುಂದೂಡಲು ವಿಶೇಷ ಕಾರಣಗಳನ್ನು ಲಿಖಿತವಾಗಿ ದಾಖಲಿಸತಕ್ಕದ್ದು (ಕಲಂ 346).

ಸಾಕ್ಷಿದಾರರು ಗಮನಿಸಬೇಕಾದ ಅಂಶಗಳು

1. ಸಮನ್ಸು, ಗುರುತಿನ ಚೀಟಿ ಹಾಗೂ ಬಸ್ ಅಥವಾ ರೈಲು ಟಿಕೆಟುಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಸೂಕ್ತ.
2. ಸಾಕ್ಷ್ಯ ನುಡಿಯದೆ ಹಿಂದಿರುಗಬೇಕಾದಲ್ಲಿಯೂ, ಅಂದಿನ ಹಾಜರಾತಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.
3. ಕ್ರಿಮಿನಲ್ ಪ್ರಕರಣದಲ್ಲಿ ಭತ್ಯೆಯ ಕೋರಿಕೆಯನ್ನು ಅಂದೇ ಸರ್ಕಾರಿ ಅಭಿಯೋಜಕರ ಮೂಲಕ ಅಥವಾ ನೇರವಾಗಿ ನ್ಯಾಯಾಧೀಶರ ಗಮನಕ್ಕೆ ತರುವುದು.
4. ಭತ್ಯೆ ದೊರೆತಿಲ್ಲವೆಂದು ತಾವಾಗಿಯೇ ಗೈರುಹಾಜರಾಗಬಾರದು. ಸಮನ್ಸನ್ನು ಕಡೆಗಣಿಸಿದಲ್ಲಿ ವಾರಂಟು ಹೊರಡುವ ಸಂಭವವಿರುತ್ತದೆ.