ಕಲ್ಲಿನ ಧೂಳಿಗೆ ಪರಿಹಾರ

ಬೆಂಗಳೂರಿನಿಂದ ಮದರಾಸಿನ ಕಡೆಗೆ ರೈಲಿನಲ್ಲಿ ಹೊರಟವರು ಮಾಲೂರು ದಾಟಿದ ಮೇಲೆ ಕಿಟಕಿಯಾಚೆ ಕಣ್ಣು ಹಾಯಿಸಿದರೆ, ಯಾರೋ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತೆ ತೋರುವ ಗುಡ್ಡಗಳು ಕಾಣುತ್ತವೆ. ಅದು ಟೇಕಲ್ಲಿನ ಸೀಮೆ. ವಿಜಯನಗರದ ಕಾಲದ ಸಾಳುವ ಗೋಪರಾಜನ ಹೆಸರು ಇಲ್ಲಿಯ ಶಾಸನಗಳಲ್ಲಿ ಉಂಟು. ವರದರಾಜಸ್ವಾಮಿಯ ಹಳೆಯ ಗುಡಿ ಉಂಟು. ಅದೇ ತಾಲ್ಲೂಕಿನ ಮಾಸ್ತಿಯ ಹೆಸರೆತ್ತಿದರೆ ಸಾಹಿತ್ಯಪ್ರಿಯರ ಮುಖ ಅರಳುತ್ತದೆ. ಟೇಕಲ್ ಎಂದರೆ ಮನೆ ಕಟ್ಟಿಸುವವರ ಮುಖ ಮಾತ್ರ ಅರಳುತ್ತದೆ. ಚಪ್ಪಡಿ, ಸೈಜುಗಲ್ಲು, ಬೇಲಿಯ ಕಲ್ಲುಕಂಬ, ಜಲ್ಲಿ—ಇವು ಈ ಊರಿನ ಬೆಳೆ.

ಇಲ್ಲಿಯ ಒಬ್ಬ ಕಲ್ಲುಕುಟಿಗರ ಮಗ ನನ್ನ ವಿದ್ಯಾರ್ಥಿ. ಅವನ ತಂದೆಯ ಪರವಾಗಿ ಒಂದು ಅರ್ಜಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆ ಮನುಷ್ಯರಿಗೆ ಇನ್ನೂ ಐವತ್ತು ತುಂಬಿಲ್ಲ. ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಹಿಡಿದುಕೊಳ್ಳಬೇಕು. ಸುತ್ತಿಗೆ ಎತ್ತುವುದಂತೂ ನಿಂತೇಹೋಗಿದೆ. “ಕೈ ಕಾಲು ಎಲ್ಲಾ ನೆಟ್ಟಗೇ ಅವೆ ಮೇಷ್ಟ್ರೇ, ಉಸಿರೇ ಸಾಲ್ದು” ಎಂದರು. ಅರ್ಜಿ ಬರೆಯಲು ಕುಳಿತವನಿಗೆ ಈ ಮಾತೇ ದೊಡ್ಡ ತೊಡಕಾಯಿತು. ಅದು ಏಕೆ ತೊಡಕು ಎಂದು ಹುಡುಕುತ್ತ ಹೋದಾಗ ದೊರೆತದ್ದನ್ನೇ ಇಲ್ಲಿ ಬರೆದಿದ್ದೇನೆ.

ದುಡಿಯುವವನಿಗೆ ಕೆಲಸದಲ್ಲಿ ಊನವಾದರೆ ಒಡೆಯನು ಹಣ ಕೊಡಬೇಕೆಂಬ ಕಾನೂನು ಬ್ರಿಟಿಷ್ ಇಂಡಿಯಕ್ಕೆ ಬಂದದ್ದು 1923ರಲ್ಲಿ; ಜಾರಿಯಾದದ್ದು 1924ರ ಜುಲೈ 1ರಂದು. ಅದಕ್ಕೆ ಮೊದಲು ಈ ನಾಡಿನಲ್ಲಿ ಇಂಥದು ಇರಲೇ ಇಲ್ಲ ಎನ್ನುವಂತಿಲ್ಲ. ಕಾಳಗದಲ್ಲಿ ಬಿದ್ದವನ ಮನೆಯವರಿಗೆ ಭೂಮಿ ಬಿಡುತ್ತಿದ್ದ ‘ನೆತ್ತರುಗೊಡಗೆ’ಯನ್ನು ನಮ್ಮ ಶಾಸನಗಳು ಹೇಳುತ್ತವೆ. ಆದರೆ ಅದು ದೊರೆಯ ಕೊಡುಗೆ, ಕೇಳಿ ಪಡೆಯುವ ಹಕ್ಕಲ್ಲ. 1923ರ ಕಾಯಿದೆ ಅದನ್ನು ಹಕ್ಕು ಮಾಡಿತು, ಹಾಗೆಯೇ ಲೆಕ್ಕವನ್ನೂ ಮಾಡಿತು. ಅದರ ಮೊದಲನೆಯ ಅನುಸೂಚಿಯನ್ನು ಓದುವಾಗ ಮೈ ಸ್ವಲ್ಪ ಜುಮ್ಮೆನ್ನುತ್ತದೆ. ಒಂದು ಕಣ್ಣು ಹೋದರೆ ನೂರಕ್ಕೆ 30ರಷ್ಟು ದುಡಿಮೆ ಹೋದಂತೆ; ಹೆಬ್ಬೆರಳಿಗೆ 25; ತೋರುಬೆರಳಿಗೆ 10. ಮೊಣಕೈಯಿಂದ ಮೇಲಕ್ಕೆ ಬಲತೋಳು ಹೋದರೆ 70, ಎಡತೋಳಾದರೆ 60! ಮುಂದೆ ಈ ಅಂಕಿಗಳು ಏರಿ ಕಣ್ಣಿಗೆ 40, ಹೆಬ್ಬೆರಳಿಗೆ 30, ತೋರುಬೆರಳಿಗೆ 14 ಆದವು.

ಕಲ್ಲಿನ ಚಕ್ಕೆ ಸಿಡಿದು ಕಣ್ಣು ಕಳೆದುಕೊಂಡವನಿಗೆ ಈ ಪಟ್ಟಿ ಒದಗೀತು. ಲೆಕ್ಕ ಹೀಗೆ: ಪೂರ್ಣ ಅಶಕ್ತತೆಯಾದರೆ ತಿಂಗಳ ಸಂಬಳದ ನೂರಕ್ಕೆ 60ನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಬೇಕು. ನಲವತ್ತು ವರ್ಷದವನಿಗೆ ಆ ಅಂಕಿ 184.17. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರಲ್ಲಿ 15,000 ರೂಪಾಯಿಗೆ ಏರಿಸಿದ ಮೇಲೆ, ಅಷ್ಟು ಸಂಬಳದವನಿಗೆ ಒಂದು ಕಣ್ಣಿನ ಪರಿಹಾರ ಆರು ಲಕ್ಷ ಅರವತ್ತು ಸಾವಿರಕ್ಕೂ ಮೇಲಾಯಿತು. ಆದರೆ ಎರಡು ವರ್ಷದೊಳಗೆ ಕೇಳಬೇಕು; ತಾನು ಇಂಥವರ ಕೈಕೆಳಗೆ ಇಂಥ ಸಂಬಳಕ್ಕೆ ಇದ್ದೆನೆಂದು ತೋರಿಸಬೇಕು.

ಉಸಿರಿನ ಕಥೆಯೇ ಬೇರೆ. ಆ ಹಳೆಯ ಕಾಯಿದೆಯಲ್ಲಿ ಸೀಸದ ವಿಷ, ರಂಜಕದ ವಿಷದಂಥ ಕೆಲವು ರೋಗಗಳಿಗೆ ಮಾತ್ರ ಜಾಗವಿತ್ತು. ಕಲ್ಲಿನ ಧೂಳಿಗೆ ಇರಲಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ 1911ರಷ್ಟು ಹಿಂದೆಯೇ ಇದಕ್ಕೆ ಕಾನೂನು ಬಂದಿತ್ತು. ನಮ್ಮಲ್ಲಿ ಅದಕ್ಕೆ ದಾರಿ ತೆರೆದದ್ದು ಇದೇ ಕೋಲಾರ ಜಿಲ್ಲೆ. ಟೇಕಲ್ಲಿನಿಂದ ರೈಲು ಮುಂದೆ ಬಂಗಾರಪೇಟೆಗೆ ಹೋಗುತ್ತದಷ್ಟೆ. ಅಲ್ಲಿಂದ ಕವಲೊಡೆದ ದಾರಿ ಚಿನ್ನದ ಗಣಿಯ ಮಾರಿಕುಪ್ಪಕ್ಕೆ. ಜಾನ್ ಟೇಲರ್ ಕಂಪನಿಯವರು 1880ರಿಂದ ತೋಡಿಸಿದ ಆ ಗಣಿಗಳಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನೊಳಗೆ. ಅದನ್ನು ಕೊರೆದಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ನೆಲೆಯೂರಿ, ಅದನ್ನು ಗಡುಸಾಗಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಇಲ್ಲಿಂದಲೇ. ಅದಕ್ಕೆ ಮೊದಲು ಕೆಮ್ಮಿ ಸತ್ತವರೆಲ್ಲ ಕ್ಷಯದ ಲೆಕ್ಕಕ್ಕೆ ಸೇರಿದ್ದಿರಬೇಕು. ಉತ್ತರ ಆರ್ಕಾಟು, ಚಿತ್ತೂರಿನಿಂದ ಬಂದ ಎಷ್ಟೋ ಮಂದಿ ಮೈಯಲ್ಲಿ ಶಕ್ತಿ ಉಡುಗಿದಾಗ ಊರಿಗೆ ಮರಳಿದ್ದರಿಂದ ಅವರ ಸಾವು ಯಾವ ಲೆಕ್ಕಕ್ಕೂ ಬರಲಿಲ್ಲ.

1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ಹೊರಡಿಸಿ ಈ ರೋಗವನ್ನೂ ಪರಿಹಾರಕ್ಕೆ ಸೇರಿಸಿತು. ಆ ವರ್ಷದಿಂದ 1946ರವರೆಗೆ 7,653 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ರೋಗ ಕಂಡಿತು. ಕಂಪನಿ ದಯಾಳುವಾಗಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಆದರೆ ಅಲ್ಲಿ ಆಸ್ಪತ್ರೆಯಿತ್ತು, ಎಕ್ಸ್‌ರೇ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಯಾವ ದಿನ ಗಣಿಗೆ ಇಳಿದರು ಎಂಬ ಹಾಜರಿ ಪುಸ್ತಕವಿತ್ತು. ರೋಗಿಗೆ ಅದೇ ಸಾಕ್ಷಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಟೇಕಲ್ಲಿನಲ್ಲಿ ಒಡೆಯುವುದು ಗ್ರಾನೈಟು. ಅದರಲ್ಲೂ ಬೆಣಚು ಉಂಟು. ಧೂಳು ಅದೇ, ಪುಸ್ತಕ ಮಾತ್ರ ಇಲ್ಲ. ಸಿಲಿಕೋಸಿಸ್ ಮುಂದೆ ದೇಶದ ಪರಿಹಾರ ಕಾಯಿದೆಯ ಪಟ್ಟಿಗೂ ಬಂತು, 1952ರ ಗಣಿ ಕಾಯಿದೆಯಲ್ಲಿ ವರದಿ ಮಾಡಲೇಬೇಕಾದ ರೋಗವೂ ಆಯಿತು. 1923ರ ಕಾಯಿದೆ ಬೆಳೆದು ಬಂದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಸೇರಿತು. ಆದರೆ ನಮ್ಮ ಕಲ್ಲುಕುಟಿಗರು ಇಷ್ಟು ಕಲ್ಲಿಗೆ ಇಷ್ಟು ಎಂದು ಮೇಸ್ತ್ರಿಯ ಕೈಯಿಂದ ಹಣ ಪಡೆದವರು. “ಯಾರ ಹತ್ರ ಕೆಲ್ಸ ಮಾಡ್ತಿದ್ರಿ?” ಎಂದರೆ ಐದಾರು ಹೆಸರು ಹೇಳುತ್ತಾರೆ, ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಕಾರ್ಮಿಕ ವಿಮೆಯಾದರೂ—ಅದು 1952ರ ಫೆಬ್ರವರಿಯಲ್ಲಿ ಕಾನ್ಪುರ, ದೆಹಲಿಗಳಲ್ಲಿ ಶುರುವಾಯಿತು—ಹುಟ್ಟಿದ್ದು ಕಾರ್ಖಾನೆಗಳಿಗಾಗಿ. ಗಣಿಗಳನ್ನು ಅದು ಹೊರಗಿಟ್ಟಿತು. ಕ್ವಾರಿಯೂ ಕಾನೂನಿನ ಲೆಕ್ಕದಲ್ಲಿ ಗಣಿಯೇ.

ಉಳಿದದ್ದು ಅಂಗವಿಕಲರ ಮಾಸಾಶನ. 1995ರ ಕಾಯಿದೆ ಏಳು ಬಗೆಯ ಊನವನ್ನು ಒಪ್ಪಿತ್ತು. 2016ರದು ಅದನ್ನು 21ಕ್ಕೆ ಏರಿಸಿತು. ಕುರುಡು, ಕಿವುಡು, ಕುಸುಮರೋಗ, ಪಾರ್ಕಿನ್‌ಸನ್ ಎಲ್ಲ ಉಂಟು, ಶ್ವಾಸಕೋಶ ಇಲ್ಲ. 2009ರಲ್ಲಿ ಬಂದ ಕೇಂದ್ರದ ಮಾಸಾಶನಕ್ಕೋ ನೂರಕ್ಕೆ 80ರ ಊನ ಬೇಕು. ಕೊಡುವುದು 300 ರೂಪಾಯಿ. ಕಲ್ಲಿನ ನಾಡಾದ ರಾಜಸ್ಥಾನವು 2019ರಲ್ಲಿ ಈ ರೋಗಕ್ಕೆಂದೇ ಒಂದು ನೀತಿ ಮಾಡಿತು: ರೋಗ ದೃಢವಾದರೆ ಮೂರು ಲಕ್ಷ, ಸತ್ತರೆ ಮನೆಯವರಿಗೆ ಎರಡು ಲಕ್ಷ, ಜೊತೆಗೆ ಮಾಸಾಶನ. ಅಲ್ಲಿ ಮಾಲೀಕನ ಹೆಸರು ಹೇಳಲಾಗದವನಿಗೂ ಬಾಗಿಲು ತೆರೆಯಿತು. ರೋಗವನ್ನು ಮೊದಲು ಕಂಡ ನಾಡು ನಮ್ಮದು. ಈ ದಾರಿಯನ್ನು ಹಿಡಿದವರು ಅವರು.

ಅರ್ಜಿಯಲ್ಲಿ ‘ಊನದ ವಿಧ’ ಎಂಬ ಕಡೆ ನಾನು ‘ಕಲ್ಲಿನ ಧೂಳಿನಿಂದ ಉಸಿರಾಟದ ತೊಂದರೆ’ ಎಂದು ಬರೆದೆ. ಕಚೇರಿಯ ಗುಮಾಸ್ತರು ಒಳ್ಳೆಯವರೇ. ಪಟ್ಟಿಯನ್ನು ಎರಡು ಸಲ ನೋಡಿ, ಇದು ಇದರಲ್ಲಿ ಬರುವುದಿಲ್ಲವೆಂದು ಅರ್ಜಿ ಹಿಂದಕ್ಕೆ ಕೊಟ್ಟರು. ಅರವತ್ತು ತುಂಬಿದ ಮೇಲೆ ಬಂದರೆ ವೃದ್ಧಾಪ್ಯದ್ದಕ್ಕೆ ಬರೆದುಕೊಳ್ಳಬಹುದು ಎಂದೂ ಹೇಳಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಉಸಿರು ಸುಧಾರಿಸಿಕೊಂಡ ಮೇಲೆ, ಅವರು ಮಗನನ್ನು ಕೇಳಿದರು: “ಅರವತ್ತಕ್ಕೆ ಇನ್ನೆಷ್ಟು ವರ್ಷ ಬೇಕೋ?”