ಧಾರವಾಡದ ಒಂದು ಮನವಿ: ಬಾಲಕರಿಗೆ ಹಕ್ಕಿನ ಪಾಠ ಹೇಳಲು ಒದಗುವ ಆಧಾರಗಳು

ಕ್ರಿ. ಶ. ೧೮೫೬ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಧಾರವಾಡದ ಸರ್ಕಾರೀ ಪಾಠಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಮಹಾರ ಜಾತಿಯ ಬಾಲಕನೊಬ್ಬನು ಕೇಳಿಕೊಂಡನು. ಶಾಲೆಯಲ್ಲಿ ಅವನಿಗೆ ಪ್ರವೇಶ ದೊರೆಯಲಿಲ್ಲ. ಅವನ ಮನವಿಯು ಮುಂಬಯಿ ಸರ್ಕಾರದವರೆಗೆ ಹೋಯಿತು. ಆ ವಿಚಾರವು ಅಲ್ಲಿಂದ ಕಲ್ಕತ್ತೆಗೂ, ಕಡೆಗೆ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕಸಭೆಗೂ ಮುಟ್ಟಿತು. ಒಬ್ಬ ಹುಡುಗನ ಓದಿನ ವಿಷಯದಲ್ಲಿ ಎರಡು ವರ್ಷಗಳ ಅವಧಿಯೊಳಗೆ ಮೂರು ಅಧಿಕಾರಪೀಠಗಳು ಬರೆದ ಮಾತುಗಳು ಈಗಲೂ ಉಳಿದಿವೆ.

ಎಳೆಯರಿಗೆ ಮಾನವ ಹಕ್ಕುಗಳನ್ನೂ ಭೇದಭಾವದ ಸ್ವರೂಪವನ್ನೂ ಬೋಧಿಸಬೇಕೆಂಬುದು ಈಗ ಸರ್ವಸಮ್ಮತವಾದ ಮಾತು. ಆದರೆ ಬೋಧಿಸುವುದಕ್ಕೆ ಯಾವ ಗ್ರಂಥವನ್ನು ಅವರ ಕೈಗೆ ಕೊಡಬೇಕೆಂಬಲ್ಲಿ ಉಪಾಧ್ಯಾಯರಿಗೆ ತೊಡಕುಂಟು. ೧೯೪೮ನೆಯ ಡಿಸೆಂಬರ್ ೧೦ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಸಾರ್ವತ್ರಿಕ ಘೋಷಣೆಯಿಂದ ತೊಡಗುವುದು ರೂಢಿ. ಅದು ಪೂಜ್ಯವಾದ ಲೇಖವೇ ಅಹುದು. ಅದರ ಮೊದಲನೆಯ ವಿಧಿಯಲ್ಲಿ ಪುರುಷವಾಚಕವಾದ ಶಬ್ದವನ್ನು ತೆಗೆಯಿಸಿ ಸಕಲ ಮನುಷ್ಯರನ್ನೂ ಒಳಗೊಳ್ಳುವ ಶಬ್ದವನ್ನು ಇಡಿಸಿದವರು ಭಾರತದ ಪ್ರತಿನಿಧಿಯಾಗಿದ್ದ ಶ್ರೀಮತಿ ಹಂಸಾ ಮೆಹತಾ ಅವರೆಂಬುದನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. ಆದರೂ ಘೋಷಣೆಯೆಂಬುದು ಕೇವಲ ಸಿದ್ಧಾಂತ. ಪೂರ್ವಪಕ್ಷವನ್ನು ಕಾಣದೆ ಸಿದ್ಧಾಂತವನ್ನು ಮಾತ್ರ ಕಂಠಪಾಠಮಾಡಿದವನಿಗೆ ಶಾಸ್ತ್ರವು ದಕ್ಕುವುದಿಲ್ಲವೆಂಬುದು ಪಾಠಶಾಲೆಗಳಲ್ಲಿ ಓದಿದ ಎಲ್ಲರೂ ಬಲ್ಲ ಸಂಗತಿ. ಧಾರವಾಡದ ಪ್ರಕರಣದ ಬೆಲೆಯು ಇಲ್ಲಿಯೇ ಇದೆ. ಅದರಲ್ಲಿ ಪೂರ್ವಪಕ್ಷವು ಸರ್ಕಾರದ ರುಜುವಿನೊಡನೆ ದೊರೆಯುತ್ತದೆ.

ಮುಂಬಯಿ ಸರ್ಕಾರದವರು ೧೮೫೬ನೆಯ ಜುಲೈ ೨೧ರಂದು ಮಾಡಿದ ನಿರ್ಣಯದ ತಾತ್ಪರ್ಯವಿದು: ನ್ಯಾಯವೆಂಬುದನ್ನು ಮಾತ್ರ ನೋಡುವುದಾದರೆ ಅದು ಅರ್ಜಿದಾರರ ಪಕ್ಷದಲ್ಲಿಯೇ ಇರುವುದರಲ್ಲಿ ಸಂದೇಹವಿಲ್ಲ, ಧಾರವಾಡದಲ್ಲಿ ಅವರ ಓದಿಗೆ ಅಡ್ಡಿಯಾಗಿರುವ ಮೂಢಭಾವನೆಗಳು ಬೇಗನೆ ತೊಲಗುವುವೆಂದು ಸರ್ಕಾರವು ನಂಬುತ್ತದೆ, ಆದರೆ ಒಬ್ಬರಿಗಾಗಿಯೋ ಕೆಲವರಿಗಾಗಿಯೋ ಬಹುಕಾಲದ ಭಾವನೆಗಳಲ್ಲಿ ಥಟ್ಟನೆ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ಹಾನಿಯಾದೀತು, ಈ ಅನನುಕೂಲವು ಸರ್ಕಾರವು ಹುಟ್ಟಿಸಿದ್ದಲ್ಲ, ಆದಕಾರಣ ಸರ್ಕಾರವು ಅದನ್ನು ಒಮ್ಮೆಗೇ ನಿವಾರಿಸಲಾರದು.

ಈ ನಿರ್ಣಯವನ್ನು ಶಾಸ್ತ್ರದ ಒಂದು ಪ್ರಸಂಗದೊಡನೆ ಹೋಲಿಸಿ ನೋಡತಕ್ಕದ್ದು. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯವು ಅಧಿಕಾರವಿಚಾರಕ್ಕೆ ಮೀಸಲಾದದ್ದು. ವೈದಿಕಕರ್ಮದಲ್ಲಿ ನಾಲ್ಕು ವರ್ಣಗಳಿಗೂ ಅಧಿಕಾರವುಂಟೆಂದು ಬಾದರಿಯೆಂಬ ಆಚಾರ್ಯನ ಮತವು ಅಲ್ಲಿ ಪೂರ್ವಪಕ್ಷವಾಗಿ ಬಂದಿದೆ. ಉಪನಯನವು ಮೂರು ವರ್ಣಗಳಿಗೆ ಮಾತ್ರ ವಿಹಿತವಾದ್ದರಿಂದ ಶೂದ್ರನಿಗೆ ಅಧ್ಯಯನವಿಲ್ಲ, ಅಧ್ಯಯನವಿಲ್ಲದ್ದರಿಂದ ಜ್ಞಾನವಿಲ್ಲ, ಜ್ಞಾನವಿಲ್ಲದ್ದರಿಂದ ಅಧಿಕಾರವಿಲ್ಲ ಎಂದು ಸಿದ್ಧಾಂತವು ಅದನ್ನು ನಿರಾಕರಿಸುತ್ತದೆ. ಓದಗೊಡದೆ ಓದಿಲ್ಲವೆಂದು ಆಕ್ಷೇಪಿಸುವ ಈ ಸರಣಿಯು ಇಂದಿನ ವಿಚಾರಕ್ಕೆ ನಿಲ್ಲುವುದಿಲ್ಲ. ಬಾದರಿಯ ಮತವನ್ನು ಅಳಿಸದೆ ಬರೆದಿಟ್ಟದ್ದು ಮಾತ್ರ ಸೂತ್ರಕಾರನ ಪ್ರಾಮಾಣಿಕತೆ. ಪ್ರಕೃತದಲ್ಲಿ ಗಮನಿಸಬೇಕಾದದ್ದು ಎರಡರ ಭೇದವನ್ನು. ಮೀಮಾಂಸಕನು ನ್ಯಾಯವು ನಿನ್ನ ಪಕ್ಷದಲ್ಲಿಲ್ಲವೆಂದು ಹೇಳಿ ತಳ್ಳಿದನು. ಮುಂಬಯಿ ಸರ್ಕಾರದವರು ನ್ಯಾಯವು ನಿನ್ನ ಪಕ್ಷದಲ್ಲಿದೆಯೆಂದು ಹೇಳಿ ತಳ್ಳಿದರು. ಭೇದಭಾವವು ಎರಡನೆಯ ರೂಪದಲ್ಲಿಯೇ ಹೆಚ್ಚು ಕಾಲ ಬಾಳುತ್ತದೆ. ತಾನು ಅನ್ಯಾಯಕ್ಕೆ ಕಾರಣನಲ್ಲ, ಲೋಕರೂಢಿಗೆ ಅಂಜಿ ಸುಮ್ಮನಿದ್ದೇನೆ ಎನ್ನುವವನನ್ನು ಗುರುತಿಸುವುದು ಬಾಲಕರಿಗೆ ಕಷ್ಟ. ದೊಡ್ಡವರಿಗಾದರೂ ಸುಲಭವೇ?

ಭಾರತ ಸರ್ಕಾರವು ೧೮೫೭ನೆಯ ಜನವರಿ ೨೩ರ ಪತ್ರದಲ್ಲಿ ಎರಡು ದೋಣಿಗಳಲ್ಲಿ ಕಾಲಿಟ್ಟಿತು. ಮುಂಬಯಿಯವರು ವಿವೇಕದಿಂದಲೇ ನಡೆದಿರಬಹುದೆಂದು ಒಂದು ಕಡೆಗೆ ಹೇಳಿ, ಬಂಗಾಳದ ಯಾವ ಸರ್ಕಾರೀ ಶಾಲೆಯಲ್ಲಿಯೂ ಈ ಹುಡುಗನಿಗೆ ಪ್ರವೇಶವನ್ನು ನಿರಾಕರಿಸುತ್ತಿರಲಿಲ್ಲವೆಂದು ಮತ್ತೊಂದು ಕಡೆಗೆ ಸೇರಿಸಿತು. ನಿರ್ದೇಶಕಸಭೆಯು ೧೮೫೮ನೆಯ ಏಪ್ರಿಲ್ ೨೮ರಂದು ಬರೆದುದೇ ನಿರ್ವಿವಾದವಾದ ತೀರ್ಪು: ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು, ಈ ತತ್ತ್ವವನ್ನು ನಡೆಯಿಸಿದರೆ ಕೆಲವರು ಶಾಲೆ ಬಿಟ್ಟುಹೋಗಬಹುದು, ಹೋಗುವವರು ತಮ್ಮ ಹಣದಿಂದ ತಮಗೆ ಬೇಕಾದ ಶಾಲೆಯನ್ನು ಕಟ್ಟಿಕೊಳ್ಳಲಿ. ಅದೇ ವರ್ಷದಲ್ಲಿ ಕಂಪೆನಿಯ ದೊರೆತನವೇ ಮುಗಿಯಿತು. ಹೋಗುವ ಕಾಲದಲ್ಲಿ ಹೇಳಿದ ಮಾತಾದರೂ ಒಳ್ಳೆಯ ಮಾತೇ.

ಆದರೆ ಮಾತು ಕಾಗದದಿಂದ ನೆಲಕ್ಕೆ ಇಳಿಯುವಾಗ ಸವೆಯಿತು. ಪೂರ್ತಿಯಾಗಿ ಸರ್ಕಾರದ ವೆಚ್ಚದಿಂದ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರತಕ್ಕದ್ದೆಂದು ಮುಂಬಯಿ ಸರ್ಕಾರದವರು ಒಪ್ಪಿದರೂ, ಊರವರ ವಂತಿಗೆಯೂ ಸೇರಿ ನಡೆಯುವ ಶಾಲೆಗಳಲ್ಲಿ ವಂತಿಗೆದಾರರು ಬೇಡವೆಂದರೆ ಬಲಾತ್ಕರಿಸುವ ಉದ್ದೇಶವಿಲ್ಲವೆಂದರು; ಅಂಥ ಶಾಲೆಯ ಸಹಾಯಧನವನ್ನು ನಿಲ್ಲಿಸುವ ಹಕ್ಕನ್ನು ಮಾತ್ರ ತಮ್ಮಲ್ಲಿ ಇಟ್ಟುಕೊಂಡರು. ೧೮೮೨ರಲ್ಲಿ ನೇಮಿತವಾದ ಹಂಟರ್ ಆಯೋಗವು ತತ್ತ್ವವನ್ನು ಪುನಃ ಎತ್ತಿಹಿಡಿದು, ಪ್ರತ್ಯೇಕ ಶಾಲೆಗಳಿಗೂ ಉತ್ತೇಜನ ಕೊಡಬೇಕೆಂದಿತು. ೧೯೨೩ರಲ್ಲಿ ಸೀ. ಕೆ. ಬೋಲೆಯವರೆಂದು ಪ್ರಸಿದ್ಧರಾದ ಸೀತಾರಾಮ ಕೇಶವ ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಸೂಚಿಸಿದ ಗೊತ್ತುವಳಿಯಂತೆ ಸಾರ್ವಜನಿಕವಾದ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರೆನಿಸಿದವರಿಗೂ ಸಲ್ಲತಕ್ಕವೆಂದಾಯಿತು. ಹೀಗಿದ್ದರೂ ೧೯೩೫ರಲ್ಲಿ ಅದೇ ಪ್ರಾಂತಕ್ಕೆ ಸೇರಿದ ಗುಜರಾತಿನ ಕವಿಠಾ ಗ್ರಾಮದಲ್ಲಿ ಅಸ್ಪೃಶ್ಯರು ಮಕ್ಕಳನ್ನು ಸಾರ್ವಜನಿಕ ಶಾಲೆಗೆ ಸೇರಿಸಲು ಹೋದಾಗ ಸವರ್ಣೀಯರು ಅವರ ಮೇಲೆ ಕೈಮಾಡಿ, ಬಹಿಷ್ಕಾರ ಹಾಕಿ, ಅವರ ಬಾವಿಗೆ ಸೀಮೆಯೆಣ್ಣೆಯನ್ನು ಸುರಿದರು. ಬೇಡವೆನ್ನುವವರು ತಾವೇ ಹೊರಗೆ ಹೋಗುವರೆಂದು ಲಂಡನ್ನಿನ ನಿರ್ದೇಶಕರು ಊಹಿಸಿದ್ದರು. ಹೊರಗೆ ಹಾಕಿಸಿಕೊಂಡವರು ಬೇರೆ.

ಡಾ. ಅಂಬೇಡ್ಕರ್ ಅವರು ೧೯೨೮ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಒಪ್ಪಿಸಿದ ಶಿಕ್ಷಣವಿಷಯಕ ಹೇಳಿಕೆಯಲ್ಲಿ ಧಾರವಾಡದ ಈ ಪ್ರಕರಣವನ್ನು ಎತ್ತಿಕೊಂಡು ಮುಂಬಯಿ ಸರ್ಕಾರದ ನಿರ್ಣಯವನ್ನು ಉದ್ಧರಿಸಿದರು. ಕನ್ನಡನಾಡಿನಲ್ಲಿ ನಡೆದ ಸಂಗತಿಯೊಂದು ಹೀಗೆ ಭಾರತದ ಹಕ್ಕುಗಳ ವಾದದೊಳಗೆ ಪ್ರಮಾಣವಾಗಿ ನಿಂತಿತು. ಧಾರವಾಡದ ಶಿಕ್ಷಣಚರಿತ್ರೆಯನ್ನು ಕನ್ನಡ ಮರಾಠಿಗಳ ವಿವಾದವೆಂದು ಮಾತ್ರ ವಿವರಿಸುವ ವಾಡಿಕೆಯು ಈ ದೃಷ್ಟಿಯಿಂದ ಸಾಲದು. ಯಾವ ಭಾಷೆಯಲ್ಲಿ ಕಲಿಸಬೇಕೆಂಬ ಪ್ರಶ್ನೆಯ ಜೊತೆಗೇ ಯಾರಿಗೆ ಕಲಿಸಬೇಕೆಂಬ ಪ್ರಶ್ನೆಯೂ ಆ ಊರಿನಲ್ಲಿ ಎದ್ದಿತ್ತು.

ಆ ನಿರ್ಣಯದಲ್ಲಿ ಬಾಲಕನಿಗೆ ಹೆಸರಿಲ್ಲ. ಜಾತಿಯಿಂದ ಮಾತ್ರ ಅವನನ್ನು ಸೂಚಿಸಿದೆ. ಇದರ ಪಕ್ಕದಲ್ಲಿಡಬೇಕಾದ ಮತ್ತೊಂದು ಲೇಖವಿದೆ. ಇದಕ್ಕೆ ಒಂದು ವರ್ಷ ಮುಂಚೆ, ೧೮೫೫ರಲ್ಲಿ, ಪುಣೆಯ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮಾಂಗ ಜಾತಿಯ ಬಾಲಿಕೆ ಮುಕ್ತಾಬಾಯಿಯು ಮಹಾರ ಮಾಂಗರ ದುಃಖವನ್ನು ಕುರಿತು ಬರೆದ ಪ್ರಬಂಧವು ‘ಜ್ಞಾನೋದಯ’ವೆಂಬ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು. ವೇದವು ಬ್ರಾಹ್ಮಣರದೇ ಆದರೆ ತಮ್ಮ ಧರ್ಮಗ್ರಂಥ ಯಾವುದೆಂದು ಅವಳು ಅದರಲ್ಲಿ ಕೇಳುತ್ತಾಳೆ. ಪೇಶ್ವೆಯರ ಕಾಲದ ಕ್ರೌರ್ಯವನ್ನು ಹೇಳುತ್ತಾಳೆ. ತನ್ನವರು ಓದಬೇಕೆಂದು ಬೇಡುತ್ತಾಳೆ. ಶಾಲೆಯ ಬಾಗಿಲು ತೆರೆದ ಕಡೆಯಲ್ಲಿ ಹೆಸರೂ ವಾದವೂ ಉಳಿದವು. ಮುಚ್ಚಿದ ಕಡೆಯಲ್ಲಿ ಜಾತಿ ಉಳಿಯಿತು. ಮೂರನೆಯದಾಗಿ, ಅಂಬೇಡ್ಕರ್ ಅವರ ಮರಣಾನಂತರ ೧೯೯೦ರಲ್ಲಿ ಪ್ರಕಟವಾದ ಕಿರಿದಾದ ಆತ್ಮವೃತ್ತವನ್ನು ಸೇರಿಸಬಹುದು. ತರಗತಿಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕುಳಿತದ್ದು, ಜವಾನನು ಬಂದು ನಲ್ಲಿ ತಿರುಗಿಸದೆ ನೀರು ದೊರೆಯದಿದ್ದದ್ದು ಇವೆಲ್ಲ ಅದರಲ್ಲಿವೆ. ಹುಡುಗರು ಇದನ್ನು ಓದಿದರೆ ವ್ಯಾಖ್ಯಾನವೇ ಬೇಡ.

ಇಂಥ ಪಾಠದಲ್ಲಿ ಒಂದು ಅಪಾಯವಿದೆ. ತರಗತಿಯಲ್ಲಿ ಆಯಾ ಜಾತಿಗಳ ಮಕ್ಕಳೂ ಕುಳಿತಿರುತ್ತಾರೆ. ಕರುಣಾರಸವನ್ನು ಸುರಿಸುತ್ತ ಪಾಠ ಹೇಳಿದರೆ ಎಲ್ಲರ ಕಣ್ಣೂ ಆ ಮಕ್ಕಳ ಮೇಲೆ ಬಿದ್ದು, ಹಕ್ಕಿನ ಪಾಠವೇ ಅವಮಾನದ ಪಾಠವಾದೀತು. ಧಾರವಾಡದ ಲೇಖವು ಈ ವಿಷಯದಲ್ಲಿ ಉಪಕಾರಿ. ಏಕೆಂದರೆ ಅಲ್ಲಿ ಬಾಲಕನು ದೀನನಾಗಿ ಕಾಣಿಸಿಕೊಳ್ಳದೆ ವಾದಿಯಾಗಿ ನಿಂತಿದ್ದಾನೆ. ಉತ್ತರ ಹೇಳಬೇಕಾದ ಸಂಕಟವು ಸರ್ಕಾರದ್ದು. ತರಗತಿಯವರೆಲ್ಲ ವಿಚಾರಿಸಬೇಕಾದದ್ದು ಆ ಉತ್ತರವನ್ನು.

ಸಾಹಿತ್ಯದ ಉಪಾಧ್ಯಾಯರು ಶಬ್ದಗಳನ್ನೂ ಬಿಡಿಸಿ ತೋರಿಸಬೇಕು. ‘ಹಕ್ಕು’ ಅರಬ್ಬೀ ಮೂಲದ ಮಾತು. ಸತ್ಯ, ಸಲ್ಲತಕ್ಕದ್ದು ಎಂಬ ಅರ್ಥಗಳು ಅದಕ್ಕೆ ಮೂಲದಲ್ಲಿಯೇ ಇವೆ. ಶಾಸ್ತ್ರದ ‘ಅಧಿಕಾರ’ವು ಯೋಗ್ಯತೆಯನ್ನು ಕೇಳುತ್ತದೆ, ‘ಹಕ್ಕು’ ಕೇಳುವುದಿಲ್ಲ. ಸಂಸ್ಕೃತ ಕನ್ನಡಗಳ ಕೂಟವನ್ನೇ ಅರಿಸಮಾಸವೆಂದು ಶಂಕಿಸಿದ ವೈಯಾಕರಣರು ‘ಮಾನವಹಕ್ಕು’ ಎಂಬ ಸಮಾಸವನ್ನು ಕಂಡು ಏನೆನ್ನುತ್ತಿದ್ದರೋ! ‘ತಾರತಮ್ಯ’ದ ಕಥೆ ಇನ್ನೂ ವಿಚಿತ್ರವಾದದ್ದು. ತರ ತಮ ಎಂಬ ಎರಡು ಪ್ರತ್ಯಯಗಳಿಂದ ಹುಟ್ಟಿದ ಈ ಮಾತು ಮಧ್ವಸಿದ್ಧಾಂತದಲ್ಲಿ ದೇವತೆಗಳ ಮತ್ತು ಜೀವರ ಸ್ವಾಭಾವಿಕವಾದ ಮೇಲುಕೀಳಿನ ಕ್ರಮವನ್ನು ಹೇಳುವ ಪಾರಿಭಾಷಿಕಶಬ್ದ. ಇಂದಿನ ಕನ್ನಡದಲ್ಲಿ ಅದೇ ನಿಂದ್ಯವಾದ ಪಕ್ಷಪಾತದ ಹೆಸರು. ಒಂದು ಶಬ್ದವು ತತ್ತ್ವದಿಂದ ದೋಷಕ್ಕೆ ಜಾರಿದ ಈ ದಾರಿಯನ್ನು ಹಿಡಿದು ನಡೆದರೆ ವಿದ್ಯಾರ್ಥಿಗೆ ನಾಡಿನ ಭಾವನೆಯ ಚರಿತ್ರೆಯೇ ಕೈಗೆ ಸಿಕ್ಕುತ್ತದೆ.

ಪಾಠದ ಕೊನೆಯಲ್ಲಿ ಸಂವಿಧಾನದ ೨೯ನೆಯ ಅನುಚ್ಛೇದದ ಎರಡನೆಯ ಖಂಡವನ್ನು ಓದಿಸಬೇಕು. ರಾಜ್ಯವು ನಡೆಯಿಸುವ ಅಥವಾ ರಾಜ್ಯದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಯಲ್ಲಿ ಮತ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದ ಮಾತ್ರ ಯಾವ ಪೌರನಿಗೂ ಪ್ರವೇಶವನ್ನು ನಿರಾಕರಿಸಕೂಡದೆಂಬುದು ಅದರ ಅರ್ಥ. ‘ಧನಸಹಾಯ ಪಡೆಯುವ’ ಎಂಬ ಮಾತಿನಿಂದ, ಮುಂಬಯಿ ಸರ್ಕಾರವು ವಂತಿಗೆಯ ಶಾಲೆಗಳಿಗೆ ಬಿಟ್ಟಿದ್ದ ಕಂಡಿಯು ಮುಚ್ಚಿತು. ಆದರೆ ಈ ಖಂಡವನ್ನು ಆಧಾರವಾಗಿ ಹಿಡಿದು ೧೯೫೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದ ಪ್ರಸಿದ್ಧ ಮೊಕದ್ದಮೆಯು ಚಂಪಕಂ ದೊರೈರಾಜನ್ ಅವರದು; ಮದರಾಸು ಪ್ರಾಂತದಲ್ಲಿ ಜಾತಿವಾರು ಸ್ಥಾನಗಳನ್ನು ಹಂಚಿದ್ದ ಆಜ್ಞೆಯು ಅದರಿಂದ ಬಿದ್ದುಹೋಯಿತು. ಅದೇ ವರ್ಷ ಸಂವಿಧಾನದ ಮೊದಲನೆಯ ತಿದ್ದುಪಡಿಯಿಂದ ೧೫ನೆಯ ಅನುಚ್ಛೇದಕ್ಕೆ ನಾಲ್ಕನೆಯ ಖಂಡವನ್ನು ಸೇರಿಸಿ, ಹಿಂದುಳಿದ ವರ್ಗಗಳಿಗೂ ಪರಿಶಿಷ್ಟರಿಗೂ ವಿಶೇಷ ಏರ್ಪಾಡು ಮಾಡುವ ಶಕ್ತಿಯನ್ನು ರಾಜ್ಯಕ್ಕೆ ಕೊಡಬೇಕಾಯಿತು. ೧೮೫೬ನ್ನು ಓದದೆ ೧೯೫೧ನ್ನು ಓದಿದ ತರುಣನು ಈ ತಿದ್ದುಪಡಿಯನ್ನು ಕೃಪೆಯೆಂದು ತಿಳಿದಾನು.

ನಿರ್ಣಯವನ್ನು ಕನ್ನಡಿಸುವಾಗ ಒಂದು ಸಣ್ಣ ತೊಡಕು ಬರುತ್ತದೆ. ಇಂಗ್ಲಿಷಿನ ಏಕವಚನದಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ. ಕನ್ನಡದಲ್ಲಿ ಅರ್ಜಿದಾರನೆನ್ನಬೇಕೋ ಅರ್ಜಿದಾರರೆನ್ನಬೇಕೋ ಎಂಬುದನ್ನು ಅನುವಾದಕನು ನಿಶ್ಚಯಿಸಲೇಬೇಕು. ಬಾಲಕನೆಂದಾಗ ‘ಅವನು’ ಎಂಬುದು ಭಾಷೆಯ ಸಹಜರೀತಿ. ಕಚೇರಿಯ ಕನ್ನಡದಲ್ಲಿಯಾದರೋ ಮನವಿಯನ್ನು ತಂದವರೆಲ್ಲರಿಗೂ ಬಹುವಚನವು ಸಲ್ಲುತ್ತದೆ. ನಿರ್ಣಯದ ಅನುವಾದದಲ್ಲಿ ‘ಅರ್ಜಿದಾರರು’ ಎಂದೇ ಇರತಕ್ಕದ್ದು. ಏಕೆ ಹಾಗಿದೆಯೆಂದು ವಿದ್ಯಾರ್ಥಿಯು ಕೇಳಿದರೆ ಆ ದಿನದ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.