ಗ್ಲಾಸ್ಗೋದಿಂದ ಬಂದ ಅತಿಥಿ

ಬಸವಕಲ್ಯಾಣದಲ್ಲಿ ನನ್ನ ಕೈಯಲ್ಲಿ ಓದಿದ ಶಿಷ್ಯನೊಬ್ಬ ಉದ್ಯೋಗ ನಿಮಿತ್ತ ಇಂಗ್ಲೆಂಡಿನಲ್ಲಿ ನೆಲೆಸಿದ್ದಾನೆ. ರಜೆಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಅಲ್ಲಿ ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡುವವರ ಬಳಗವೊಂದಕ್ಕೆ ಅವನು ಹೊಸದಾಗಿ ಸೇರಿದ್ದಾನಂತೆ. ಮೊದಲ ಕೂಟದಲ್ಲಿ ಎಲ್ಲರೂ ತಮ್ಮ ಅಜ್ಜಂದಿರ ಕಾರುಗಳ ಕಥೆ ಹೇಳಿದರಂತೆ. ಇವನ ಸರದಿ ಬಂದಾಗ ಹೇಳಲು ಏನೂ ಇರಲಿಲ್ಲ. "ಸರ್, ನಮ್ಮಪ್ಪಗ ಸೈಕಲ್ ಸುದ್ದಾ ಇದ್ದಿಲ್ಲ. ನಮ್ಮ ಕಡಿ ಹೇಳಿಕೊಳ್ಳೋವಂಥಾ ಗಾಡಿ ಯಾವುದರೆ ಇತ್ತೇನ್ರಿ?" ಎಂದು ಕೇಳಿದ. ನಗುತ್ತಲೇ ಕೇಳಿದನಾದರೂ ಆ ನಗುವಿನ ಹಿಂದೆ ಇದ್ದ ಸಂಕೋಚ ನನಗೆ ಕಾಣದಿರಲಿಲ್ಲ. ಅಂದು ಅವನಿಗೆ ಹೇಳಿದ್ದನ್ನು ನಿಮ್ಮೆಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

1956ರ ನವೆಂಬರ್ 1ರವರೆಗೆ ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆದ್ದರಿಂದ ನಮ್ಮ ಸೀಮೆಯ ಮೋಟಾರಿನ ಚರಿತ್ರೆಯನ್ನು ಅಲ್ಲಿಂದಲೇ ಆರಂಭಿಸಬೇಕು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಇಂಗ್ಲೆಂಡಿನಿಂದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಕಾರೊಂದನ್ನು ತರಿಸಲು ಏರ್ಪಾಡು ಮಾಡಿದ್ದರು. ಅದರ ಒಳಗೆ ಸಿಂಹಾಸನದಂತಹ ಆಸನ. 1911ರಲ್ಲಿ ಅವರು ತೀರಿಕೊಂಡರು. ಕಾರು ಬಂದದ್ದು ಆಮೇಲೆ. ಅದು ಓಡಿದ್ದು ಬಹಳ ಕಡಿಮೆ. ಇಂದಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಅದನ್ನು ನೋಡಬಹುದು. ಹಳೆಯ ಕಾರುಗಳ ಅಭಿಮಾನಿಗಳಿಗೆ ಅದೊಂದು ಯಾತ್ರಾಸ್ಥಳವೇ ಸರಿ.

ಆದರೆ ನಮ್ಮಂಥವರ ಪಾಲಿಗೆ ಬಂದ ಗಾಡಿ ಬೇರೆ. 1932ರ ಜೂನ್ ತಿಂಗಳಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳು ಮತ್ತು 166 ಮಂದಿ ನೌಕರರೊಂದಿಗೆ ಆರಂಭವಾಯಿತು. ದೇಶದಲ್ಲಿ ಸರ್ಕಾರವೇ ನಡೆಸಿದ ಬಸ್ ಸೇವೆಗಳಲ್ಲಿ ಇದು ಮೊದಮೊದಲಿನದು. ಆ ಕಾಲದ ಬಸ್ಸುಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಲ್ಬಿಯನ್ ಕಂಪನಿಯವು ಹೆಸರಾದವು. 1899ರಲ್ಲಿ ಹುಟ್ಟಿದ ಆ ಕಂಪನಿ ತನ್ನ ಗಾಡಿಗಳು ಸೂರ್ಯೋದಯದಷ್ಟು ನಿಶ್ಚಿತವೆಂದು ಹೇಳಿಕೊಳ್ಳುತ್ತಿತ್ತು. ಹಾಗೆ ಬಂದವುಗಳಲ್ಲಿ ಒಂದನ್ನು 'ಡೆಕ್ಕನ್ ಕ್ವೀನ್' ಎಂಬ ಹೆಸರಿನಲ್ಲಿ ಉಳಿಸಿಕೊಂಡು, ದುರಸ್ತಿಗೊಳಿಸಿ, ಹೈದರಾಬಾದಿನ ಬಸ್ ಭವನದಲ್ಲಿ ಪ್ರದರ್ಶನಕ್ಕಿಟ್ಟರು. ರಾಜರ ಕಾರುಗಳನ್ನು ನೋಡಲು ಹಂಬಲಿಸುವವರೇ ಈ ದುಡಿಮೆಗಾರನನ್ನೂ ಅಕ್ಕರೆಯಿಂದ ನೋಡಿದ್ದಾರೆ.

ಬಸ್ ಸೇವೆ ಕ್ರಮೇಣ ಜಿಲ್ಲೆಗಳಿಗೂ ಹರಡಿತು. ರಾಜ್ಯ ಪುನರ್ವಿಂಗಡಣೆಯಾದ ಮೇಲೆ ನಮ್ಮ ಭಾಗದ ಬಸ್ಸುಗಳು ಮೈಸೂರು ಸರ್ಕಾರದ ಸಾರಿಗೆಗೆ ಸೇರಿದವು. 1961ರಲ್ಲಿ ಅದು ನಿಗಮವಾಯಿತು. ಹುಮನಾಬಾದಿಗೆ ರೈಲು ಬರಲು ಬಹಳ ಕಾಲ ಹಿಡಿಯಿತು. ಬೀದರ-ಕಲಬುರಗಿ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರಲ್ಲಿ. ಕಲ್ಯಾಣದವರಿಗೆ ಊರು ಬಿಟ್ಟು ಹೊರಡಬೇಕೆಂದರೆ ಮೋಟಾರೇ ಗತಿ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿಗೆ ಸೇರಿ, ಹುಮನಾಬಾದಿನಲ್ಲಿ ಇಳಿದು, ಅಲ್ಲಿಂದ ಬೀದರಿಗೋ ಕಲಬುರಗಿಗೋ ಹೈದರಾಬಾದಿಗೋ ಬಸ್ಸು ಹಿಡಿಯುವುದು ನಮ್ಮ ಬಾಲ್ಯದ ವಾಡಿಕೆ.

ಆ ಬಸ್ಸಿನಲ್ಲಿ ನಾನು ಕಂಡದ್ದೊಂದಿದೆ. ಊರಿನ ಬಾವಿಯ ಕಟ್ಟೆಯನ್ನು ಹತ್ತಲಾಗದಿದ್ದವನು ಟಿಕೇಟು ಪಡೆದು ಗೌಡರ ಪಕ್ಕದಲ್ಲಿ ಕುಳಿತಿದ್ದ. ಮೊದಲು ಗೌಡರು ಸೆರಗು ಸರಿಸಿದಂತೆ ಧೋತರ ಸರಿಸಿಕೊಂಡರು. ಗಾಡಿ ತಗ್ಗಿನಲ್ಲಿ ಧಡಕ್ಕನೆ ಹಾರಿದಾಗ ಇಬ್ಬರ ಭುಜಗಳೂ ತಾಗಿದವು. ಹುಮನಾಬಾದು ಬರುವಷ್ಟರಲ್ಲಿ ಇಬ್ಬರೂ ಮಳೆಯ ಮಾತಾಡುತ್ತಿದ್ದರು. ಇಳಿದ ಮೇಲೆ ಊರು ಮತ್ತೆ ಮೊದಲಿನಂತೆಯೇ ಇತ್ತೆಂಬುದು ನಿಜ. ಆದರೂ ಆ ಒಂದು ತಾಸಿನ ಸಮಾನತೆ ಸಣ್ಣದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ಇದಕ್ಕಾಗಿಯೇ ಎಷ್ಟು ಬೆಲೆ ತೆತ್ತಿತೆಂಬುದನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೇನೆ.

ಆ ಕಲ್ಯಾಣಕ್ಕೂ ಹೊರನಾಡಿನಿಂದ ಹೊಸಬರು ಬರುತ್ತಿದ್ದರು. ಮರುಳಶಂಕರದೇವರು ಅಫ್ಘಾನ್ ನಾಡಿನಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರ ಮಹಾಮನೆಯಲ್ಲಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಸೇವೆ ಮಾಡಿದರಂತೆ. ಅಲ್ಲಮಪ್ರಭುಗಳು ಬಂದು ಗುರುತಿಸಿದ ಮೇಲೆಯೇ ಶರಣರಿಗೆಲ್ಲ ಅವರ ದೊಡ್ಡಸ್ತಿಕೆ ತಿಳಿಯಿತು. ಅವರನ್ನು ಯಾರೂ ನಿಮ್ಮ ಅಜ್ಜ ಯಾರೆಂದು ಕೇಳಲಿಲ್ಲ. ಮಾಡಿದ ಕಾಯಕವೇ ಅವರ ಪರಿಚಯವಾಯಿತು. ಗ್ಲಾಸ್ಗೋದ ಆ ಬಸ್ಸನ್ನು ನೆನೆದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಸಿಂಹಾಸನವಿದ್ದ ಕಾರು ನಿಂತೇ ಹೆಸರು ಪಡೆಯಿತು. ಬಸ್ಸು ಓಡಿ, ದೂಳು ತಿಂದು, ಸವೆದು ಹೆಸರು ಪಡೆಯಿತು.

ಶಿಷ್ಯನಿಗೆ ಕೊನೆಗೆ ಇಷ್ಟು ಹೇಳಿದೆ: "ಮುಂದಿನ ಕೂಟದಾಗ ನಿನ್ನ ಸರದಿ ಬಂದರ ಸುಮ್ಮನೆ ಕೂಡಬ್ಯಾಡಪ್ಪ. ನಿಮ್ಮ ದ್ವೀಪದ ಗಾಡಿ ನಮ್ಮ ರಾಜ್ಯಕ್ಕ ಬಂದು ದುಡೀತು, ನಾವು ಅದನ್ನ ನಮ್ಮದು ಅಂತ ಇಟ್ಟುಕೊಂಡೀವಿ ಅಂತ ಹೇಳು. ನಮ್ಮಪ್ಪ ಕಾರಿನ ಧಣಿ ಅಲ್ಲ, ಬಸ್ಸಿನ್ಯಾಗ ಟಿಕೇಟು ತೊಗೊಂಡು ಕೂತಾವ ಅಂತನೂ ಹೇಳು. ನಾಚಿಕಿ ಪಡೋ ಮಾತು ಅದರಾಗ ಏನೂ ಇಲ್ಲ."

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮಸ್ಕರಿಸಿ ಹೊರಟವನು ಬಾಗಿಲಲ್ಲಿ ನಿಂತು, ಮರಳುವಾಗ ಹೈದರಾಬಾದಿನಲ್ಲಿ ಇಳಿದು ಬಸ್ ಭವನಕ್ಕೆ ಹೋಗುವುದಾಗಿ ಹೇಳಿದ. ಹುಮನಾಬಾದಿನವರೆಗೆ ಯಾರ ಕಾರಿನಲ್ಲಿ ಹೋಗುತ್ತೀ ಎಂದು ಕೇಳಿದೆ. "ಬಸ್ಸಿಗೇ ಹೋಗ್ತೀನ್ರಿ ಸರ್" ಎಂದ.